ಗುರುಸಿದ್ದಮ್ಮ ಆಂಟಿಯ ಇನ್ಸಿಡೆಂಟ್ ರಿಪೋರ್ಟು

ನ್ಯೂಜೆರ್ಸಿಯ ಕೆಂಡಲ್ ಪಾರ್ಕಿನ ನಮ್ಮ ಕನ್ನಡ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನೂರ ಹದಿನಾಲ್ಕು ಮಂದಿ ಇದ್ದೇವೆ. ಅದರಲ್ಲಿ ಎಂಬತ್ತಕ್ಕೂ ಹೆಚ್ಚು ಜನ ಎಂಜಿನಿಯರುಗಳು. ನನ್ನ ಗಂಡ ಆಕರ್ಷ್ ಒಬ್ಬ, ನಾನೂ ಒಬ್ಬಳು. ಮ್ಯಾನ್‌ಹಟನ್ನಿನ ಬ್ಯಾಂಕುಗಳ ಕಂಪ್ಯೂಟರುಗಳು ಅರೆಕ್ಷಣವೂ ನಿಲ್ಲದಂತೆ ಕಾಯುವವರು ನಾವು. ಆದರೆ ಜನವರಿಯ ಚಳಿಯಲ್ಲಿ ನಮ್ಮಲ್ಲಿ ಯಾರದಾದರೂ ಮನೆಯ ಫರ್ನೇಸ್ ನಿಂತರೆ, ಅಂದರೆ ಮನೆಯನ್ನೆಲ್ಲ ಬೆಚ್ಚಗಿಡುವ ಗ್ಯಾಸಿನ ಯಂತ್ರ ನಿಂತರೆ, ಗುಂಪಿನಲ್ಲಿ ಮೊದಲು ಕೈಮುಗಿದ ಚಿತ್ರಗಳು ಬರುತ್ತವೆ, ಆಮೇಲೆ ಯೂಟ್ಯೂಬ್ ವಿಡಿಯೊಗಳು ಬರುತ್ತವೆ, ಕೊನೆಗೆ ಯಾರೋ ಒಬ್ಬರು ನಾಚಿಕೊಂಡು ಒಂದು ಸಾಲು ಬರೆಯುತ್ತಾರೆ: "ಗುರುಸಿದ್ದಮ್ಮ ಆಂಟಿಗೆ ಒಂದ್ಸಲ ಫೋನ್ ಮಾಡಿ ನೋಡಿ."

ನಾಚಿಕೆ ಯಾಕೆಂದರೆ ಗುರುಸಿದ್ದಮ್ಮ ಆಂಟಿ ಎಂಜಿನಿಯರ್ ಅಲ್ಲ.

ಅವರು ಹರಿಹರದವರು, ಈಗ ಅರವತ್ತೇಳು. ರಸ್ತೆ ಸೇತುವೆಗಳ ಎಂಜಿನಿಯರಾದ ಗದಿಗೆಪ್ಪ ಅಂಕಲ್‌ರನ್ನು ಮದುವೆಯಾಗಿ ನಾನು ಹುಟ್ಟುವ ಮೊದಲೇ ಈ ದೇಶಕ್ಕೆ ಬಂದವರು. ಬಂದ ಮೂರನೆಯ ವರ್ಷ, ಮನೆಯಲ್ಲಿ ಕೂತು ಕಿಟಕಿಯಾಚೆಯ ಅಳಿಲು ಎಣಿಸಿ ಸಾಕಾಗಿ, ಕೌಂಟಿ ಕಾಲೇಜಿಗೆ ಸೇರಿ ಉಸಿರಾಟದ ಥೆರಪಿ ಕಲಿತರು. ನ್ಯೂ ಬ್ರನ್ಸ್‌ವಿಕ್ ಕಡೆಯ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೇಳು ವರ್ಷ, ಸ್ವಂತ ಉಸಿರಾಡಲಾರದವರಿಗೆ ಉಸಿರು ಕೊಡುವ ವೆಂಟಿಲೇಟರ್ ಯಂತ್ರಗಳನ್ನು ನೋಡಿಕೊಂಡರು. ಅವರ ಹೆಸರು ಉದ್ದವಾಯಿತೆಂದು ಆಸ್ಪತ್ರೆಯವರು ಬ್ಯಾಡ್ಜಿನ ಮೇಲೆ 'ಗುರು' ಎಂದಷ್ಟೇ ಹಾಕಿದ್ದರು. ರೋಗಿಗಳ ಕಡೆಯವರು ಅದನ್ನು ಓದಿ ಧ್ಯಾನದ ಬಗ್ಗೆ ಕೇಳುತ್ತಿದ್ದರಂತೆ. "ಮೊದ್ಲು ಉಸಿರು ತಗಳ್ಳಿ, ಧ್ಯಾನ ಆಮೇಲೆ ನೋಡಾಣ ಅಂತಿದ್ದೆ" ಎನ್ನುತ್ತಾರೆ ಆಂಟಿ.

ಇದೆಲ್ಲ ನಮ್ಮ ಕನ್ನಡ ಸಂಘದವರಿಗೆ ಗೊತ್ತಿಲ್ಲವೆಂದಲ್ಲ. ಆದರೆ ಸಂಘದ ಸ್ಮರಣ ಸಂಚಿಕೆಯಲ್ಲಿ ಅವರ ಹೆಸರು ಬರುವುದು 'ಶ್ರೀಮತಿ ಗದಿಗೆಪ್ಪ, ಅಡುಗೆ ಸಮಿತಿ' ಎಂದು. ಅವರು ನಿವೃತ್ತರಾದ ವರ್ಷ ಸಂಘ ಶಾಲು ಹೊದಿಸಿತು; ಅಧ್ಯಕ್ಷರಾದ ಕೃಷ್ಣಮೂರ್ತಿ ಅಂಕಲ್ ಇಪ್ಪತ್ತು ನಿಮಿಷ ಮಾತಾಡಿದರು; ಅದರಲ್ಲಿ ಹದಿನೆಂಟು ನಿಮಿಷ ಇಡ್ಲಿಯ ಬಗ್ಗೆ.

ಆಸ್ಪತ್ರೆಯಿಂದ ಆಂಟಿ ಮನೆಗೆ ತಂದದ್ದು ಎರಡೇ: ಒಂದು ಹಳೆಯ ಸ್ಟೆಥಾಸ್ಕೋಪು, ಮತ್ತೊಂದು ಇನ್ಸಿಡೆಂಟ್ ರಿಪೋರ್ಟ್ ಬರೆಯುವ ಅಭ್ಯಾಸ. ಅಲ್ಲಿ ಏನಾದರೂ ಎಡವಟ್ಟಾದರೆ, ದೊಡ್ಡ ಡಾಕ್ಟರಾಗಲಿ ನೆಲ ಒರೆಸುವವರಾಗಲಿ, ಮೂರು ವಿಷಯ ಬರೆದು ಸಹಿ ಹಾಕಬೇಕಿತ್ತಂತೆ. ಏನಾಯಿತು, ಏನು ಮಾಡಿದೆವು, ಇನ್ನೊಮ್ಮೆ ಆಗದ ಹಾಗೆ ಏನು ಮಾಡಬೇಕು. ಅಯ್ಯೋ ಪಾಪ ಎನ್ನುವಂತಿಲ್ಲ, ಅವನದೇ ತಪ್ಪು ಎನ್ನುವಂತಿಲ್ಲ. ಸಂಘದ ಯುಗಾದಿ ಊಟದಲ್ಲಿ ಸಾರಿಗೆ ಎರಡು ಸಲ ಉಪ್ಪು ಬಿದ್ದಾಗ ಆಂಟಿ ಗುಂಪಿಗೆ ಹೀಗೇ ಒಂದು ರಿಪೋರ್ಟು ಹಾಕಿದ್ದರು. ಹಾಕಿದವರು ಯಾರೆಂದು ಬರೆಯಲೂ ಇಲ್ಲ, ಬಿಡಲೂ ಇಲ್ಲ: 'ಉಪ್ಪು ಹಾಕಿದವರು ಇಬ್ಬರು, ರುಚಿ ನೋಡಿದವರು ಯಾರೂ ಇಲ್ಲ.' ಗದಿಗೆಪ್ಪ ಅಂಕಲ್‌ರನ್ನು ಕೇಳಿದರೆ, "ನಮ್ಮ ಮದುವೆದೂ ಒಂದು ಬರ್ದಿಟ್ಟಾಳೆ, ತೋರ್ಸಲ್ಲ" ಎನ್ನುತ್ತಾರೆ.

ಆದರೂ ಆಂಟಿಯ ಖ್ಯಾತಿ ನಿಂತಿರುವುದು ಫರ್ನೇಸಿನ ಮೇಲೂ ಅಲ್ಲ, ರಿಪೋರ್ಟಿನ ಮೇಲೂ ಅಲ್ಲ. ನ್ಯೂಜೆರ್ಸಿಯ ಚಳಿಗೆ ಇಡ್ಲಿ ಹಿಟ್ಟು ಹುದುಗುವುದಿಲ್ಲ. ವೀಸಾ ಮತ್ತು ಮಕ್ಕಳಿಗೆ ಒಳ್ಳೆಯ ಶಾಲೆಯಿರುವ ಜಿಲ್ಲೆಯನ್ನು ಬಿಟ್ಟರೆ ನಮ್ಮವರನ್ನು ಇಷ್ಟು ಕಾಡುವ ಸಮಸ್ಯೆ ಬೇರೊಂದಿಲ್ಲ. ಹಿಟ್ಟಿನ ಪಾತ್ರೆಗೆ ಮಗುವಿನ ಕಂಬಳಿ ಹೊದಿಸಿದವರಿದ್ದಾರೆ, ಬೆನ್ನುನೋವಿನ ಬಿಸಿಪಟ್ಟಿ ಸುತ್ತಿದವರಿದ್ದಾರೆ, ಹಿಟ್ಟನ್ನು ಕಾರಿನಲ್ಲಿ ಕೂರಿಸಿ ಹೀಟರ್ ಹಾಕಿದವರೂ ಇದ್ದಾರೆ. ಈ ಕತ್ತಲೆಯಲ್ಲಿ ಆಂಟಿ ಒಂದು ದಿನ ಮೂರು ಸಾಲು ಬರೆದರು: 'ಫರ್ನೇಸ್ ಪಕ್ಕ ಇಡಿ. ಮುಚ್ಚಳ ಸಡಿಲ ಇರಲಿ. ಬೆಳಿಗ್ಗೆ ನೋಡಿ.' ಅಂದಿನಿಂದ ಅದು ಗುಂಪಿನ ನೆತ್ತಿಯ ಮೇಲೆ ಪಿನ್ ಆಗಿ ಕೂತಿದೆ. ಅದರ ಕೆಳಗೆ ಉಳಿದದ್ದೆಲ್ಲ ಹರಿಯುತ್ತದೆ: ಬಾಡಿಗೆಗೆ ಮನೆ, ರಾಬಿನ್ಸ್‌ವಿಲ್ ದೇವಸ್ಥಾನಕ್ಕೆ ಹೋಗುವವರ ಕಾರಿನಲ್ಲಿ ಜಾಗ, ಕೃಷ್ಣಮೂರ್ತಿ ಅಂಕಲ್‌ರ ಹೆಂಡತಿ ಹಂಸಿನಿ ಆಂಟಿಯ ತಲೆನೋವಿಗೆ ಮದ್ದು. ಆ ತಲೆನೋವು ಎರಡು ಚಳಿಗಾಲದಿಂದ ಇದೆ. ಗುಂಪು ಇದುವರೆಗೆ ಇಪ್ಪತ್ತಾರು ಮದ್ದು ಕೊಟ್ಟಿದೆ. ಶುಂಠಿ ಲೇಪದಿಂದ ಹಿಡಿದು ಮಂಚದ ದಿಕ್ಕು ಬದಲಿಸುವವರೆಗೆ.

ಇನ್ನು ನಮ್ಮ ಮನೆಯ ವಿಷಯ.

ಜನವರಿಯ ಒಂದು ಶುಕ್ರವಾರ ಸಂಜೆ ನಾನು ಹಿಟ್ಟು ರುಬ್ಬಿದೆ. ಎಂಟು ತಿಂಗಳ ಮಗಳು ಧೃತಿಗೆ ಡಾಕ್ಟರು ಮೆತ್ತಗಿನದು ಏನಾದರೂ ಕೊಡಬಹುದು ಎಂದಿದ್ದರು. ಅವಳ ಮೊದಲ ಇಡ್ಲಿ ಕಲ್ಲಾಗಬಾರದೆಂದು ನನಗೆ ನಾಲ್ಕು ದಿನದಿಂದ ಅದೇ ಯೋಚನೆ. ನಮ್ಮ ಫರ್ನೇಸು ಬಟ್ಟೆ ಒಗೆಯುವ ಯಂತ್ರದ ಪಕ್ಕದ ಪುಟ್ಟ ಕೋಣೆಯಲ್ಲಿದೆ. ಅದರ ಬುಡದಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಡಬ್ಬಿ, ತಲೆ ಚಪ್ಪಟೆ, ಮುಚ್ಚಳದಲ್ಲಿ ಒಂದೆರಡು ತೂತು. ಡಬ್ಬಿ ಯಾತಕ್ಕೆಂದು ನಾನು ಕೇಳಿರಲಿಲ್ಲ. ಈ ಮನೆ ಕೊಂಡು ಮೂರು ವರ್ಷವಾದರೂ ಆಕರ್ಷನೂ ಕೇಳಿರಲಿಲ್ಲ. ಹಿಟ್ಟಿನ ಪಾತ್ರೆ ಅರ್ಧ ಅದರ ಮೇಲೆ, ಅರ್ಧ ಪಕ್ಕದ ಇಟ್ಟಿಗೆಯ ಮೇಲೆ ಚೆನ್ನಾಗಿ ಕೂತಿತು. ಮುಚ್ಚಳ ಸಡಿಲ ಬಿಟ್ಟೆ.

ಬೆಳಿಗ್ಗೆ ನೋಡಿದೆ. ಹಿಟ್ಟು ಉಕ್ಕಿ ಮುಚ್ಚಳವನ್ನೇ ಎತ್ತಿಕೊಂಡು ನಿಂತಿತ್ತು, ಪಾತ್ರೆಯ ಮೈಮೇಲೆಲ್ಲ ಇಳಿದಿತ್ತು. ಇಷ್ಟು ಸಂತೋಷ ನನಗೆ ಗ್ರೀನ್ ಕಾರ್ಡಿನ ಅರ್ಜಿ ಮುಂದೆ ಹೋದಾಗಲೂ ಆಗಿರಲಿಲ್ಲ. ಫೋಟೊ ತೆಗೆದು ಗುಂಪಿಗೆ ಹಾಕಿದೆ. ನಲವತ್ತೊಂದು ಜನ ಹೃದಯ ಒತ್ತಿದರು. ನೆಲ ಒರೆಸಿದೆ, ಡಬ್ಬಿಯ ತಲೆ ಒರೆಸಿದೆ. ಧೃತಿ ಇಡ್ಲಿಯ ಅರ್ಧ ತಿಂದಳು, ಅರ್ಧ ಕೂದಲಿಗೆ ಹಚ್ಚಿಕೊಂಡಳು.

ಶನಿವಾರವೆಲ್ಲ ಹಿಮ ಸುರಿಯಿತು. ಸಂಜೆಯ ಹೊತ್ತಿಗೆ ಫರ್ನೇಸು ಒಮ್ಮೆ ಹೊತ್ತಿಕೊಳ್ಳುವುದು, ಒಮ್ಮೆ ಮುನಿಸಿಕೊಳ್ಳುವುದು ಶುರುವಾಯಿತು. ಭಾನುವಾರ ಬೆಳಗಾಗುವಷ್ಟರಲ್ಲಿ ಪೂರ್ತಿ ನಿಂತಿತ್ತು. ಹೊರಗೆ ಹನ್ನೊಂದು ಡಿಗ್ರಿ, ಊರಿನ ಲೆಕ್ಕದಲ್ಲಿ ಮೈನಸ್ ಹನ್ನೆರಡು. ಮನೆಯೊಳಗೆ ಮೂರು ಥರ್ಮಾಮೀಟರುಗಳಿದ್ದವು, ಮೂರೂ ಬೇರೆ ಬೇರೆ ಹೇಳುತ್ತಿದ್ದವು; ನಾನು ಅತಿ ಕಡಿಮೆ ತೋರಿಸುವುದನ್ನೇ ನಂಬಿದೆ. ಧೃತಿಗೆ ಒಂದರ ಮೇಲೊಂದು ನಾಲ್ಕು ಅಂಗಿ ಹಾಕಿ, ಹತ್ತು ನಿಮಿಷಕ್ಕೊಮ್ಮೆ ಅವಳ ಉಗುರಿನ ಬಣ್ಣ ನೋಡುತ್ತಿದ್ದೆ. ಕೈಕಾಲು ಮಡಚಲಾಗದೆ ಅವಳು ಹಬ್ಬದ ಬೊಂಬೆಯ ಹಾಗೆ ಎತ್ತಿಟ್ಟಲ್ಲೇ ಕೂತಿದ್ದಳು.

ರಿಪೇರಿ ಕಂಪನಿಗೆ ಫೋನ್ ಮಾಡಿದರೆ, ಮಂಗಳವಾರ ಎಂಟರಿಂದ ನಾಲ್ಕರೊಳಗೆ ಬರುತ್ತೇವೆ ಎಂದು ಒಂದು ಮಧುರವಾದ ಧ್ವನಿ ಹೇಳಿತು. ಆಕರ್ಷ್ ಹೊರಗೆ ಹೋಗಿ ಗೋಡೆಯಿಂದ ಚಾಚಿದ ಫರ್ನೇಸಿನ ಎರಡು ಕೊಳವೆಗಳ ಬಾಯಿಂದ ಹಿಮ ಬಿಡಿಸಿ ಬಂದ. ಏನೂ ಆಗಲಿಲ್ಲ. ಆಮೇಲೆ ಜೀವಮಾನದಲ್ಲಿ ಮೊದಲ ಸಲ ಫರ್ನೇಸಿನ ಬಾಗಿಲು ತೆಗೆದ. ಒಳಗೆ ಒಂದು ಕೆಂಪು ದೀಪ ಮೂರು ಸಲ ಮಿನುಗಿ, ನಿಂತು, ಮತ್ತೆ ಮೂರು ಸಲ ಮಿನುಗುತ್ತಿತ್ತು. ಬಾಗಿಲ ಹಿಂದಿನ ಪಟ್ಟಿಯಲ್ಲಿ ಬರೆದಿತ್ತು: ಮೂರು ಮಿನುಗು, ಪ್ರೆಶರ್ ಸ್ವಿಚ್. ಆಕರ್ಷ್ ಅದರ ಫೋಟೊವನ್ನು ಗುಂಪಿಗೆ ಹಾಕಿದ.

ಹತ್ತು ನಿಮಿಷದಲ್ಲಿ ಕೃಷ್ಣಮೂರ್ತಿ ಅಂಕಲ್ ಬಂದರು. ಅವರ ಮನೆ ನಮ್ಮಿಂದ ನಾಲ್ಕನೆಯದು. ಕೊಳವೆಗಳಲ್ಲಿ ದ್ರವ ಹೇಗೆ ಹರಿಯುತ್ತದೆ ಎಂಬುದರ ಮೇಲೆ ಡಾಕ್ಟರೇಟ್ ಮಾಡಿದವರು. ಅವರ ಮನೆಯ ಸಿಂಕು ಕಟ್ಟಿಕೊಂಡರೆ ಮಾತ್ರ ಪ್ಲಂಬರನನ್ನು ಕರೆಸುತ್ತಾರೆ. ಜೇಬಿನಿಂದ ಎರಡೂ ತುದಿಗೆ ಕ್ಲಿಪ್ಪಿದ್ದ ಗೇಣುದ್ದದ ಕೆಂಪು ವೈರು ತೆಗೆದರು.

"ಬೇಸಿಕಲಿ ಇದು ಫಾಲ್ಸ್ ಅಲಾರಂ ಕಣಪ್ಪ ಆಕರ್ಷ್. ಸ್ವಿಚ್ ಹೋಗಿದೆ. ಈ ವೈರ್‌ನಿಂದ ಅದನ್ನ ಬೈಪಾಸ್ ಮಾಡಿಬಿಟ್ರೆ ಫರ್ನೇಸ್‌ಗೆ ಎಲ್ಲಾ ಸರಿ ಇದೆ ಅನ್ಸತ್ತೆ, ಹೊತ್ಕೊಳತ್ತೆ. ಮಂಗಳವಾರದ ತನಕ ಆರಾಮಾಗಿರಿ."

"ಸೇಫಾ ಅಂಕಲ್?" ಎಂದೆ ನಾನು.

"ಮಗು ಚಳೀಲಿ ಇರೋದು ಸೇಫೇನಮ್ಮ?"

ಆಕರ್ಷ್ ಆಗಲೇ ಟಾರ್ಚು ಹಿಡಿದು ನಿಂತಿದ್ದ. ನಾನು ಧೃತಿಯನ್ನೆತ್ತಿಕೊಂಡು ಬಚ್ಚಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಗುರುಸಿದ್ದಮ್ಮ ಆಂಟಿಗೆ ಫೋನ್ ಮಾಡಿದೆ.

ಆಂಟಿ ಮೂರೇ ಪ್ರಶ್ನೆ ಕೇಳಿದರು. "ಮಗು ಹೆಂಗೈತೆ?"

"ಬೆಚ್ಚಗಿದಾಳೆ. ಸಿಟ್ಟಲ್ಲಿದಾಳೆ."

"ಸಿಟ್ಟು ಬಂದ್ರೆ ಒಳ್ಳೇದು. ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೂಗೈತಾ?"

"ಇಲ್ಲ. ನಿನ್ನೆ ಎರಡು ಸಲ ಟೆಸ್ಟ್ ಬಟನ್ ಒತ್ತಿ ನೋಡಿದೆ."

"ಯಾರ‍್ಯಾರು ಅದಾರೆ ಅಲ್ಲಿ?"

"ಕೃಷ್ಣಮೂರ್ತಿ ಅಂಕಲ್ ಇದಾರೆ. ವೈರ್ ತಂದಿದಾರೆ."

"ನಾನು ಬರೋತಂಕ ಅವರಿಗೆ ಕಾಫಿ ಮಾಡ್ಕೊಡು. ಬಿಸಿ ಬಿಸಿದು. ಎರಡೂ ಕೈ ಕಪ್ ಮ್ಯಾಲೇ ಇರ್ಲಿ" ಎಂದು ಆಂಟಿ ಫೋನಿಟ್ಟರು.

ಕಾಫಿ ಅರ್ಧವಾಗುವಷ್ಟರಲ್ಲಿ ಗದಿಗೆಪ್ಪ ಅಂಕಲ್‌ರ ಹಿಮದ ಬೂಟು ಹಾಕಿಕೊಂಡು, ದಾಪುಗಾಲಿಡುತ್ತ ಆಂಟಿ ಬಂದರು. ಕೋಟಿನೊಳಗೆ ಕೊರಳಿಗೆ ಸ್ಟೆಥಾಸ್ಕೋಪು. ಮೊದಲು ಧೃತಿಯ ಅಂಗಿಗಳಲ್ಲಿ ಎರಡನ್ನು ಬಿಚ್ಚಿದರು. ಆಮೇಲೆ ಫರ್ನೇಸಿನ ಕೋಣೆಗೆ ಬಂದು, "ಒಂದ್ಸಲ ಆನ್ ಮಾಡಪ್ಪ, ಕೇಳ್ತೀನಿ" ಎಂದು ಆಕರ್ಷನಿಗೆ ಹೇಳಿ, ಸ್ಟೆಥಾಸ್ಕೋಪನ್ನು ಯಂತ್ರದ ಎದೆಗೆ ಒತ್ತಿದರು.

ಒಳಗೆ ಫ್ಯಾನು ಗುಂಯ್‌ಗುಟ್ಟಿತು. ಬೆಂಕಿ ಹತ್ತಲಿಲ್ಲ. ಕೆಂಪು ದೀಪ ಮೂರು ಸಲ ಮಿನುಗಿತು.

"ಗೊರಗೊರ ಅಂತೈತೆ" ಎಂದರು ಆಂಟಿ.

"ಏನು ಮೇಡಂ?" ಎಂದರು ಕೃಷ್ಣಮೂರ್ತಿ ಅಂಕಲ್.

"ಕಫ."

ಕೃಷ್ಣಮೂರ್ತಿ ಅಂಕಲ್ ಕಪ್ಪನ್ನು ವಾಷಿಂಗ್ ಮಷೀನಿನ ಮೇಲಿಟ್ಟು ನಕ್ಕರು. "ಮೇಡಂ, ಕೋಡ್ ಕ್ಲಿಯರಾಗಿ ಹೇಳ್ತಿದೆ. ಪ್ರೆಶರ್ ಸ್ವಿಚ್. ಸ್ವಿಚ್ ಕೆಟ್ಟಿದೆ, ದಟ್ಸ್ ಇಟ್."

"ಸ್ವಿಚ್ ಕೆಟ್ಟೈತೆ ಅಂತ ಎಲ್ಲಿ ಬರ್ದೈತ್ರೀ? ಸ್ವಿಚ್ ಏನೋ ಹೇಳ್ತೈತೆ ಅಂತ ಬರ್ದೈತೆ ಅಷ್ಟೆ." ಆಂಟಿ ನನ್ನ ಕಡೆ ತಿರುಗಿದರು. "ನೋಡವ್ವ, ಬೆಂಕಿ ಹಚ್ಚೋಕೆ ಮುಂಚೆ ಈ ಫ್ಯಾನು ಹೊಗೆನೆಲ್ಲ ಹೊರಗೆ ಎಳೀಬೇಕು. ಎಳೆಯೋದು ಸರಿ ಐತಾ ಅಂತ ನೋಡಾಕೆ ಒಂದು ಕಾವಲುಗಾರ ಬೇಕು. ಆ ಕಾವಲುಗಾರನೇ ಈ ಸ್ವಿಚ್ಚು. ಈ ರಬ್ಬರ್ ನಳಿಗೆ ಐತಲ್ಲ, ಅದರಾಗಿಂದ ಅವನು ಉಸಿರು ನೋಡ್ತಾನೆ. ಉಸಿರು ಸರಿ ಇಲ್ಲಾಂದ್ರೆ ಗ್ಯಾಸ್ ಬಿಡಲ್ಲ. ಕಾರ್ಬನ್ ಮಾನಾಕ್ಸೈಡ್ ಅನ್ನೋ ವಾಸ್ನೆ ಇಲ್ದ ವಿಷದ ಗಾಳಿ ನಿನ್ ಮನೆಯೊಳಗೆ ಬರಬಾರ್ದು ಅಂತ."

"ಅಂದ್ರೆ ವೈರ್ ಹಾಕಿದ್ರೆ?"

"ಕಾವಲುಗಾರನ ಬಾಯಿಗೆ ಬಟ್ಟೆ ತುರುಕಿದಂಗೆ. ನಮ್ ಆಸ್ಪತ್ರೆಗೂ ಹೊಸ ಡಾಕ್ಟರ್ ಹುಡುಗ್ರು ಬರೋರು. ವೆಂಟಿಲೇಟರ್ ಅಲಾರಂ ಹೊಡ್ಕಂಡ್ರೆ ಮೊದ್ಲು ಅಲಾರಂ ಬಾಯಿ ಮುಚ್ಚಿಸೋರು. ನಾನು ಹೋಗಿ ನಳಿಗೆ ಎತ್ತಿದ್ರೆ ಒಳಗೆ ನೀರು. ಇಪ್ಪತ್ತೇಳು ವರ್ಷ ಇದೇ ಕೆಲ್ಸ ನಂದು, ಅಲಾರಂ ಕಡೆ ಸಾಕ್ಷಿ ಹೇಳೋದು."

ಅಷ್ಟು ಹೇಳಿ ಆಂಟಿ ಗೋಡೆಯ ಮೇಲಿನ ಸ್ವಿಚ್ಚಿನಿಂದ ಫರ್ನೇಸಿಗೆ ಹೋಗುವ ಕರೆಂಟು ಆರಿಸಿದರು, ಗ್ಯಾಸಿನ ಕೀಲಿ ತಿರುಗಿಸಿದರು. ಬಳೆಯಗಲದ, ತಟ್ಟೆಯಂಥ ಪ್ರೆಶರ್ ಸ್ವಿಚ್ಚಿನಿಂದ ಸಣ್ಣ ರಬ್ಬರ್ ನಳಿಗೆಯನ್ನು ಕಳಚಿ, ತುದಿಯನ್ನು ಕೆಳಗೆ ಬಗ್ಗಿಸಿದರು. ಒಂದು ಹನಿ ಬಿತ್ತು. ಇನ್ನೊಂದು ಬಿತ್ತು. ಆಮೇಲೆ ಧಾರೆಯಾಗಿ ಒಂದು ಲೋಟದಷ್ಟು ನೀರು ಕೃಷ್ಣಮೂರ್ತಿ ಅಂಕಲ್‌ರ ಕಾಲುಚೀಲದ ಮೇಲೆ ಇಳಿಯಿತು.

ಆಕರ್ಷ್ ಫೋಟೊ ತೆಗೆದ.

"ಸ್ವಿಚ್ ಸರಿ ಐತೆ" ಎಂದರು ಆಂಟಿ. "ನೀರು ಯಾಕೆ ನಿಂತೈತೆ ಅಂತ ನೋಡಾಣ. ಇಂಥಾ ಫರ್ನೇಸ್‌ನಾಗೆ ಹೊಗೆ ತಣ್ಣಗಾಗಿ ನೀರಾಗ್ತೈತೆ. ದಿನಾ ಲೀಟರ್‌ಗಟ್ಲೆ. ಅದು ಹರ್ಕೊಂಡು ಹೋಗಾಕೆ ಒಂದು ಪೈಪ್ ಇರ್ತೈತೆ."

ಆಂಟಿ ಮೊಣಕಾಲೂರಿ, ನೀರು ಹೋಗುವ ಪಾರದರ್ಶಕ ಪೈಪನ್ನು ಬೆರಳಿನಿಂದ ಹಿಡಿದುಕೊಂಡು ಇಳಿಯುತ್ತ ಬಂದರು, ಮಗುವಿನ ಬೆನ್ನೆಲುಬು ನೋಡುವವರ ಹಾಗೆ. ಪೈಪಿನ ತುಂಬ ನೀರು ನಿಂತಿತ್ತು. ಅದು ಕೊನೆಗೊಂಡದ್ದು ಆ ಬಿಳಿ ಡಬ್ಬಿಯಲ್ಲಿ.

"ಇದು ನೀರು ಎತ್ತಿ ಹೊರಗೆ ಹಾಕೋ ಪಂಪು" ಎನ್ನುತ್ತ ಆಂಟಿ ಮುಚ್ಚಳ ಎತ್ತಿದರು.

ಕೋಣೆಯ ತುಂಬ ಹುಳಿ ವಾಸನೆ ಹರಡಿತು. ಹರಿಹರದಲ್ಲಾಗಲಿ ಬೆಂಗಳೂರಲ್ಲಾಗಲಿ ಹುಟ್ಟಿದ ಯಾರಿಗೂ ಅದು ಏನೆಂದು ಹೇಳಿಕೊಡಬೇಕಾಗಿರಲಿಲ್ಲ. ಮುಚ್ಚಳದ ತೂತಿನಿಂದ ಇಳಿದ ಇಡ್ಲಿ ಹಿಟ್ಟು ಡಬ್ಬಿಯ ತಳ ಸೇರಿ, ಆ ಬೆಚ್ಚನೆಯಲ್ಲಿ ಇನ್ನೊಮ್ಮೆ ಹುದುಗಿ, ಉಬ್ಬಿ, ಪೈಪಿನ ಬಾಯೊಳಗೆ ಒಂದು ಗೇಣು ಮೇಲಕ್ಕೆ ಏರಿ ಕೂತಿತ್ತು. ಅಷ್ಟು ಒಳ್ಳೆಯ ಹಿಟ್ಟು.

ಧೃತಿ ವಾಸನೆ ಗುರುತು ಹಿಡಿದು ನಾಲಿಗೆ ಚಪ್ಪರಿಸಿದಳು.

"ಪಾತ್ರೆ ಇದರ ಮ್ಯಾಲೆ ಇಟ್ಟಿದ್ಯಾ?" ಎಂದರು ಆಂಟಿ.

"ಹೂಂ ಆಂಟಿ. ಫರ್ನೇಸ್ ಪಕ್ಕ ಇಡಿ ಅಂತ..." ನಾನು ಇದುವರೆಗೆ ಮಾಡಿದ ತಪ್ಪುಗಳ ಪಟ್ಟಿಯಲ್ಲಿ ಇದನ್ನು ಎಲ್ಲಿ ಸೇರಿಸಬೇಕೆಂದು ಯೋಚಿಸುತ್ತಿದ್ದೆ.

"ಅಂತ ನಾನೇ ಬರ್ದಿದ್ದೆ" ಎಂದು ಆಂಟಿಯೇ ಮುಗಿಸಿದರು. "ಎಲ್ಲಿ ಇಡಬಾರ್ದು ಅಂತ ಬರ್ದಿರ್ಲಿಲ್ಲ. ಇದು ನಂದು."

ಅವರು ಎದ್ದು, ಕೈ ಒರೆಸಿಕೊಂಡು, ಒಂದು ಬಕೆಟ್ಟು, ಬಿಸಿನೀರು, ಬಾಟಲಿ ತೊಳೆಯುವ ಬ್ರಷ್ಷು ಕೇಳಿದರು. ಮಗುವಿನ ಬಾಟಲಿ ಬ್ರಷ್ಷೇ ಇದ್ದದ್ದು, ಅದನ್ನೇ ಕೊಟ್ಟೆ. ಅರ್ಧ ಗಂಟೆ ಆಂಟಿ, ಆಕರ್ಷ್ ಸೇರಿ ಡಬ್ಬಿ ತೊಳೆದರು, ಪೈಪು ಉಜ್ಜಿದರು, ರಬ್ಬರ್ ನಳಿಗೆಯ ನೀರು ಬಸಿದರು. ಹಿಂದಿನ ದಿನ ನಲವತ್ತೊಂದು ಹೃದಯ ಪಡೆದ ಹಿಟ್ಟು ಬಕೆಟ್ಟಿನಲ್ಲಿ ಬಿತ್ತು.

ಕೃಷ್ಣಮೂರ್ತಿ ಅಂಕಲ್ ಹೋಗಬಹುದಿತ್ತು. ಆದರೆ ಗುರುಸಿದ್ದಮ್ಮ ಆಂಟಿ ತಪ್ಪು ಮಾಡಿದ್ದನ್ನು ನೋಡುವ ಅವಕಾಶ ಸಂಘದ ಅಧ್ಯಕ್ಷರಿಗೆ ಎಷ್ಟು ವರ್ಷಕ್ಕೊಮ್ಮೆ ಸಿಗುತ್ತದೆ? ಒದ್ದೆ ಕಾಲುಚೀಲದಲ್ಲೇ ಬಾಗಿಲಿಗೆ ಒರಗಿ, ಇನ್ನೊಂದು ಕಾಫಿ ಕೇಳಿ ಕುಡಿಯುತ್ತ ನಿಂತರು.

"ತಮಾಷೆಗೆ ಹೇಳ್ತೀನಿ ಮೇಡಂ, ತಪ್ಪು ತಿಳ್ಕೋಬೇಡಿ. ನಿಮ್ಮ ಹಿಟ್ಟಿಗಿಂತ ನನ್ನ ವೈರೇ ಸೇಫು. ನಮ್ಮನೇಲಿ ಎರಡು ವರ್ಷದಿಂದ ಇದೆ. ನಮ್ದು ಹಳೇ ಫರ್ನೇಸು. ಅದರ ಸ್ವಿಚ್ಚೂ ಹೀಗೇ ಹಟ ಮಾಡ್ತಿತ್ತು, ವೈರ್ ಹಾಕ್ದೆ, ಒಂದು ದಿನ ನಿಂತಿಲ್ಲ. ನಾವೇನು ಸತ್ತೋದ್ವಾ?"

ಆಂಟಿಯ ಕೈಯಲ್ಲಿದ್ದ ಬ್ರಷ್ಷು ನಿಂತಿತು.

"ಎರಡು ವರ್ಷ?"

"ಎರಡು ವಿಂಟರ್."

"ಹಂಸಿನಿಗೆ ತಲೆನೋವು ಶುರುವಾಗಿ ಎಷ್ಟಾತು?"

ಅಂಕಲ್ ಕಪ್ಪನ್ನು ತುಟಿಗೆ ಒಯ್ಯುತ್ತಿದ್ದವರು ಒಯ್ಯಲಿಲ್ಲ. "ಅದು ಮೈಗ್ರೇನು ಮೇಡಂ. ಅವಳ ತಾಯಿಗೂ ಇತ್ತು."

"ಬ್ಯಾಸಿಗೆಲಿ ಬರ್ತೈತಾ?"

"ಬೇಸಿಗೇಲಿ... ಇಲ್ಲ. ಚಳಿಗೆ ಬರತ್ತೆ."

"ಮನೆ ಬಿಟ್ಟು ಹೊರಗೆ ಹೋದ್ರೆ?"

"ದೇವಸ್ಥಾನಕ್ಕೆ ಹೋದ್ರೆ ಕಡಿಮೆ ಆಗತ್ತೆ ಅಂತಾಳೆ. ದೇವರ ಮಹಿಮೆ ಅಂತ..."

"ಕಾರ್ಬನ್ ಮಾನಾಕ್ಸೈಡ್ ಅಲಾರಂ ಇಲ್ವೇನ್ರೀ ನಿಮ್ಮನೇಲಿ?"

"ಇದೆ. ಇತ್ತು." ಅಂಕಲ್ ನನ್ನ ಕಡೆ ನೋಡಿದರು, ಆಕರ್ಷನ ಕಡೆ ನೋಡಿದರು. "ಅದೂ ಸುಮ್‌ಸುಮ್ನೆ ಕೂಗ್ತಿತ್ತು. ಬ್ಯಾಟರಿ ತೆಗೆದಿಟ್ಟಿದೀನಿ."

ಆಂಟಿ ಧ್ವನಿ ಏರಿಸಲಿಲ್ಲ. ಇಪ್ಪತ್ತೇಳು ವರ್ಷ ಆಸ್ಪತ್ರೆಯಲ್ಲಿ ಎಲ್ಲರೂ ಓಡುವಾಗ ಅವರು ಹೇಗಿರುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು. "ಹಂಸಿನಿಗೆ ಫೋನ್ ಹಚ್ರಿ. ಕೋಟ್ ಹಾಕ್ಕಂಡು ಈಗಿಂದೀಗ ಹೊರಗೆ ಬರಾಕೆ ಹೇಳ್ರಿ. ದೀಪ ಆರಿಸೋದು ಬ್ಯಾಡ, ಬೀಗ ಹುಡುಕೋದು ಬ್ಯಾಡ. ಆಕರ್ಷ್, ನೀನು ನೈನ್ ಒನ್ ಒನ್‌ಗೆ ಮಾಡು. ತಲೆನೋವು ಐತೆ, ಅಲಾರಂ ಇಲ್ಲ ಅಂತ ಹೇಳು."

"ಮೇಡಂ, ಇಷ್ಟಕ್ಕೆ ಫೈರ್ ಎಂಜಿನ್ ಬಂದ್ರೆ ಬೀದಿಯೋರೆಲ್ಲ..."

"ಬೀದಿಯೋರು ನೋಡ್ಲಿ. ಫೋನ್ ಹಚ್ರಿ."

ಮೊದಲ ಸಲ ಫೋನ್ ಬಡಿದುಕೊಂಡು ನಿಂತಿತು. ಎರಡನೆಯ ಸಲವೂ. ಕೃಷ್ಣಮೂರ್ತಿ ಅಂಕಲ್‌ರ ಮುಖದಿಂದ ಡಾಕ್ಟರೇಟ್ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ. ಬೂಟನ್ನೂ ಹುಡುಕದೆ, ಒದ್ದೆ ಕಾಲುಚೀಲದಲ್ಲೇ ಹಿಮದ ಮೇಲೆ ಓಡಿದರು. ಅವರ ಹಿಂದೆ ಆಂಟಿ, ಗಂಡನ ಬೂಟಿನಲ್ಲಿ, ತಮ್ಮ ಹೆಜ್ಜೆಯಲ್ಲೇ. ಕಿಟಕಿಯ ಬಳಿ ನಿಂತು ಧೃತಿಯನ್ನು ಅವುಚಿಕೊಂಡ ನನ್ನ ತಲೆಯಲ್ಲಿದ್ದದ್ದು ಒಂದೇ ಸಂಗತಿ: ಅಂಥದೇ ವೈರು ಒಂದು ಗಂಟೆಯ ಹಿಂದೆ ನಮ್ಮ ಫರ್ನೇಸಿನಿಂದ ಒಂದು ಗೇಣು ದೂರದಲ್ಲಿತ್ತು, ನಾನು "ಸೇಫಾ ಅಂಕಲ್" ಎಂದು ಕೇಳಿದ್ದೆ, ಬೇಡ ಎಂದಿರಲಿಲ್ಲ.

ಐದು ನಿಮಿಷಕ್ಕೆ ಹಂಸಿನಿ ಆಂಟಿ ಹೊರಬಂದರು. ಅಡ್ಡಪಂಚೆಯ ಹಾಗೆ ಕಂಬಳಿ ಸುತ್ತಿಕೊಂಡು, ಹಣೆಗೆ ಬಿಳಿಯ ಶುಂಠಿ ಲೇಪ ಹಚ್ಚಿಕೊಂಡು. ಮಲಗಿದ್ದರಂತೆ, ಫೋನು ಕೇಳಿತಂತೆ, ಏಳಲು ಬೇಸರವಾಯಿತಂತೆ.

ಅಗ್ನಿಶಾಮಕದವರು ಬಂದು ವಿಷದ ಗಾಳಿ ಅಳೆಯುವ ಮೀಟರು ಹಿಡಿದು ಒಳಹೊಕ್ಕರು. ಮೀಟರು ಬಾಗಿಲಲ್ಲೇ ಕೂಗಿತು. ಅದರ ಬ್ಯಾಟರಿ ತೆಗೆಯಲು ಅಲ್ಲಿ ಯಾರಿಗೂ ಅವಕಾಶವಿರಲಿಲ್ಲ. ಅವರು ಗ್ಯಾಸು ನಿಲ್ಲಿಸಿ, ಕಿಟಕಿಗಳನ್ನೆಲ್ಲ ತೆರೆದು, ಚಿಮಣಿಯ ಬಾಯಲ್ಲಿ ಹಳೆಯ ಹಕ್ಕಿಗೂಡನ್ನೂ ಒಳಗಿನ ತಗಡಿನ ಕೊಳವೆಯಲ್ಲಿ ಸಂದು ಬಿಟ್ಟು ಹೊಗೆ ಮನೆಯೊಳಗೆ ಸೋರುತ್ತಿದ್ದ ಜಾಗವನ್ನೂ ತೋರಿಸಿದರು. ಎರಡು ವರ್ಷದ ಹಿಂದೆ ಸ್ವಿಚ್ಚು ಹೇಳಲು ಹೊರಟಿದ್ದದ್ದು ಆ ಗೂಡಿನ ಸುದ್ದಿ; ಹಂಸಿನಿ ಆಂಟಿಯ ತಲೆನೋವು ಎರಡು ಚಳಿಗಾಲ ಹೇಳುತ್ತಿದ್ದದ್ದೂ ಅದನ್ನೇ. ಹಂಸಿನಿ ಆಂಟಿಯನ್ನು ಆಂಬುಲೆನ್ಸಿನಲ್ಲಿ ಕೂರಿಸಿ ಆಮ್ಲಜನಕ ಕೊಟ್ಟು, ಆಸ್ಪತ್ರೆಗೆ ಒಯ್ದು ರಕ್ತ ಪರೀಕ್ಷೆ ಮಾಡಿ, ಮಧ್ಯಾಹ್ನ ಬಿಟ್ಟರು. ಮಾಸ್ಕನ್ನು ಮೂಗಿಗೆ ಕೂರಿಸಿದವರು ಗುರುಸಿದ್ದಮ್ಮ ಆಂಟಿಯೇ. ಆಂಬುಲೆನ್ಸಿನ ಹುಡುಗಿ ಆಂಟಿಯ ಪಳಗಿದ ಕೈ ನೋಡಿ ಪಕ್ಕಕ್ಕೆ ಸರಿದಳು.

ಮತ್ತೆ ನಮ್ಮ ಮನೆಗೆ ಬಂದು ಆಂಟಿ ಉಳಿದ ಕೆಲಸ ಮುಗಿಸಿದರು. ನಳಿಗೆ ಸೇರಿಸಿ, ಗ್ಯಾಸು ತಿರುಗಿಸಿ, ಕರೆಂಟು ಹಾಕಿದರು. ಫ್ಯಾನು ತಿರುಗಿತು. ಒಂದು ಸಣ್ಣ ಟಿಕ್ ಸದ್ದು. "ಇದೇ ಸ್ವಿಚ್ಚು. ಹೋಗು ಅಂತ ಒಪ್ಪಿಗೆ ಕೊಡ್ತು" ಎಂದರು. ಬೆಂಕಿ ನೀಲಿಯಾಗಿ ಹೊತ್ತಿಕೊಂಡಿತು. ಆದರೂ ಆಂಟಿ ಹೋಗಲಿಲ್ಲ. ವಾಷಿಂಗ್ ಮಷೀನಿನ ಪಕ್ಕ ಸ್ಟೂಲು ಹಾಕಿಕೊಂಡು, ಯಂತ್ರ ಮೂರು ಸಲ ಹೊತ್ತಿ ಮೂರು ಸಲ ತಾನಾಗಿ ಆರುವವರೆಗೆ ಕೂತಿದ್ದರು. ಮಂಗಳವಾರ ಕಂಪನಿಯವನು ಬಂದೇ ಬರಲಿ, ಒಂದ್ಸಲ ಪೂರ್ತಿ ನೋಡಲಿ ಎಂದರು.

ಮನೆ ಬೆಚ್ಚಗಾಯಿತು. ಮೂರು ಥರ್ಮಾಮೀಟರುಗಳೂ ಮೊದಲ ಬಾರಿ ಹೆಚ್ಚುಕಡಿಮೆ ಒಂದೇ ಮಾತಾಡಿದವು. ಹೊರಡುವಾಗ ಆಂಟಿ ಬಾಗಿಲಲ್ಲಿ ನಿಂತರು.

"ಇಡ್ಲಿ ಹೆಂಗಾಗಿದ್ವು?"

"ಹತ್ತಿ ಥರ ಆಗಿದ್ವು ಆಂಟಿ."

"ಹಂಗಾದ್ರೆ ಹಿಟ್ಟಿಂದೇನೂ ತಪ್ಪಿಲ್ಲ" ಎಂದು, ಸಮಾಧಾನದಿಂದ ಬೂಟು ಏರಿಸಿಕೊಂಡರು.

ಆ ಸಂಜೆ ಗುಂಪಿನಲ್ಲಿ ಎರಡು ಇನ್ಸಿಡೆಂಟ್ ರಿಪೋರ್ಟುಗಳು ಬಂದವು.

ಮೊದಲನೆಯದು: 'ಏನಾಯಿತು: ಇಡ್ಲಿ ಹಿಟ್ಟು ಫರ್ನೇಸಿನ ನೀರಿನ ಪಂಪಿಗೆ ಇಳಿದು, ನೀರು ನಿಂತು, ಪ್ರೆಶರ್ ಸ್ವಿಚ್ ಫರ್ನೇಸನ್ನು ನಿಲ್ಲಿಸಿತು. ಸ್ವಿಚ್ ಸರಿ ಇತ್ತು. ಸಲಹೆ ಕೊಟ್ಟವಳು ನಾನು, ಅದು ಅಪೂರ್ಣವಾಗಿತ್ತು. ಏನು ಮಾಡಿದೆವು: ತೊಳೆದೆವು. ಮುಂದೆ: ಹಿಟ್ಟನ್ನು ಫರ್ನೇಸಿನ ಕೋಣೆಗೆ ಒಯ್ಯಬೇಡಿ. ಗುರುಸಿದ್ದಮ್ಮ.'

ಎರಡನೆಯದು: 'ಏನಾಯಿತು: ಇನ್ನೊಂದು ಮನೆಯಲ್ಲಿ ಇದೇ ಸ್ವಿಚ್ಚಿಗೆ ವೈರ್ ಹಾಕಲಾಗಿತ್ತು, ಅಲಾರಂನ ಬ್ಯಾಟರಿ ತೆಗೆಯಲಾಗಿತ್ತು. ಇಪ್ಪತ್ತಾರು ಮದ್ದು ಕೊಡಲಾಗಿತ್ತು, ನಾಲ್ಕು ನಾನೇ ಕೊಟ್ಟಿದ್ದೆ. ಏನು ಮಾಡಿದೆವು: ಕಿಟಕಿ ತೆಗೆದೆವು. ಮುಂದೆ: ವೈರ್ ನನ್ನ ಹತ್ತಿರ ಇದೆ, ಯಾರೂ ಕೇಳಬೇಡಿ. ಗುರುಸಿದ್ದಮ್ಮ.'

ಯಾರ ಮನೆಯೆಂದು ಬರೆದಿರಲಿಲ್ಲ. ಬೀದಿಯಲ್ಲಿ ಫೈರ್ ಎಂಜಿನ್ ನಿಂತದ್ದನ್ನು ಕಂಡ ಎಲ್ಲರಿಗೂ ಗೊತ್ತಿತ್ತು. ಮೊದಲ ರಿಪೋರ್ಟಿಗೆ ಮೂವತ್ತು ಉತ್ತರಗಳು ಬಂದವು; ಅಷ್ಟು ಉಬ್ಬಲು ಅಕ್ಕಿ ಎಷ್ಟು ಉದ್ದು ಎಷ್ಟು ಎಂದು ಹದಿನೇಳು ಜನ ಕೇಳಿದ್ದರು. ಎರಡನೆಯದಕ್ಕೆ ಬಂದದ್ದು ಎರಡೇ. ಮೊದಲು ಕೃಷ್ಣಮೂರ್ತಿ ಅಂಕಲ್‌ರಿಂದ ಒಂದು ಹೆಬ್ಬೆರಳು ಬಂತು. ಅದರ ಹಿಂದೆಯೇ ಹಂಸಿನಿ ಆಂಟಿಯಿಂದ: 'ಬ್ಯಾಟರಿ ಯಾವ ಸೈಜು ಅಂತ ಯಾರಿಗಾದರೂ ಗೊತ್ತಾ? ನಾನೇ ಹಾಕ್ತೀನಿ.'

ಈಗ ಗುಂಪಿನ ನೆತ್ತಿಯ ಮೇಲೆ ಹೊಸ ಮೂರು ಸಾಲು ಪಿನ್ ಆಗಿವೆ: 'ಹಿಟ್ಟನ್ನು ಓವನ್ನಿನೊಳಗೆ ದೀಪ ಮಾತ್ರ ಹಾಕಿ ಇಡಿ. ಪಾತ್ರೆಯ ಕೆಳಗೆ ತಟ್ಟೆ ಇರಲಿ. ಕೂಗಿದರೆ ಬ್ಯಾಟರಿ ತೆಗೆಯಬೇಡಿ.'

ಮೂರನೆಯ ಸಾಲೂ ಇಡ್ಲಿಗೆ ಸಂಬಂಧಪಟ್ಟದ್ದೇ ಎಂದು ನಿನ್ನೆ ಒಬ್ಬರು ಎಂಜಿನಿಯರು ಕೇಳಿದ್ದಾರೆ. ಆಂಟಿ ಹೌದು ಎಂದು ಬರೆದಿದ್ದಾರೆ.